ಕೈಗೆ ತಾಗುವ ಕಟ್ಟಡ: ಹೊಸ ಸಾಮಗ್ರಿ ಮತ್ತು ಇಂದ್ರಿಯಾನುಭವದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪತ್ರಗಳಲ್ಲಿ, ಉಪನ್ಯಾಸ ಮುಗಿದ ಮೇಲಿನ ಮಾತುಕತೆಯಲ್ಲಿ, ಕೆಲಸ ನಡೆಯುವ ಜಾಗದಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಸುಲಭದವು ಮೊದಲು, ತಲೆ ತಿನ್ನುವವು ಕೊನೆಗೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಿಕೊಳ್ಳಬಹುದು.

## ಮೊದಲ ಪರಿಚಯ

ಇಂದ್ರಿಯಾನುಭವದ ಸಾಮಗ್ರಿ ಎಂದು ಬೇರೆ ಇದೆಯೇ? ಯಾವುದನ್ನಾದರೂ ನೋಡಬಹುದು, ಮುಟ್ಟಬಹುದು ತಾನೆ?

ಬೇರೆ ಜಾತಿಯ ಸಾಮಗ್ರಿ ಏನೂ ಇಲ್ಲ. ವ್ಯತ್ಯಾಸ ಇರುವುದು ಆರಿಸುವ ಕ್ರಮದಲ್ಲಿ. ಸಾಮಾನ್ಯವಾಗಿ ಎರಡೇ ಲೆಕ್ಕ ನಡೆಯುತ್ತದೆ: ಎಷ್ಟು ಭಾರ ಹೊರುತ್ತದೆ, ಹೇಗೆ ಕಾಣುತ್ತದೆ. ಮುಟ್ಟಿದರೆ ತಣ್ಣಗಿದೆಯೇ, ಕಾಲಿಟ್ಟರೆ ಸದ್ದಾಗುತ್ತದೆಯೇ, ಒದ್ದೆಯಾದರೆ ಎಂಥ ವಾಸನೆ, ಕತ್ತಲಲ್ಲಿ ಕೈಯಾಡಿಸಿದರೆ ಬಾಗಿಲು ಎಲ್ಲಿದೆ ಎಂದು ತಿಳಿಯುತ್ತದೆಯೇ ಎಂಬ ಪ್ರಶ್ನೆಗಳು ಪಟ್ಟಿಯಲ್ಲಿ ಬರುವುದೇ ಇಲ್ಲ. ಅಲ್ಲಿ ವಾಸಿಸುವವರಿಗೆ ದಿನವೂ ಎದುರಾಗುವುದು ಮಾತ್ರ ಇವೇ. ಫೋಟೋದಲ್ಲಿ ಮೆಚ್ಚಿದ ಕಟ್ಟಡ ಎದುರಿಗೆ ನಿಂತಾಗ ಸಪ್ಪೆ ಅನಿಸುವುದಕ್ಕೂ, ಫೋಟೋದಲ್ಲಿ ಏನೂ ಅನಿಸದ ಕಟ್ಟಡ ಒಳಗೆ ಹೋದ ಮೇಲೆ ಮನಸ್ಸಿನಲ್ಲಿ ನಿಂತುಬಿಡುವುದಕ್ಕೂ ಬಹುಮಟ್ಟಿಗೆ ಇದೇ ಕಾರಣ.

ನಮ್ಮ ಬೆರಳು ನಾವು ಅಂದುಕೊಂಡದ್ದಕ್ಕಿಂತ ಬಹಳ ಚುರುಕು. ಕೇವಲ 13 ನ್ಯಾನೋಮೀಟರ್ ಎತ್ತರದ ಅಲೆಗಳಿರುವ ಮೇಲ್ಮೈಯನ್ನೂ ಅಲೆಗಳೇ ಇಲ್ಲದ ಮೇಲ್ಮೈಯನ್ನೂ ಬೆರಳು ಬೇರೆ ಬೇರೆ ಎಂದು ಗುರುತಿಸಬಲ್ಲದು ಎಂದು 2013ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿದರು. ಕಣ್ಣಿಗೆ ಆ ಅಳತೆ ನಿಲುಕುವ ಮಾತೇ ಇಲ್ಲ. ಆದರೆ ಬೆರಳನ್ನು ಇಟ್ಟು ಸುಮ್ಮನೆ ಕುಳಿತರೆ ಪ್ರಯೋಜನವಿಲ್ಲ, ಸವರಬೇಕು. ಆದ್ದರಿಂದಲೇ ಸಾಮಗ್ರಿಯ ಮಾದರಿ ತುಂಡು ಸಿಕ್ಕಾಗ ಅದನ್ನು ಮೇಜಿನ ಮೇಲಿಟ್ಟು ದಿಟ್ಟಿಸುವುದಕ್ಕಿಂತ ಕಣ್ಣು ಮುಚ್ಚಿ ಸವರಿ ನೋಡುವುದು ಹೆಚ್ಚು ಉಪಯುಕ್ತ.

ಒಂದೇ ಕೋಣೆಯಲ್ಲಿರುವ ಮರ ಬೆಚ್ಚಗೆ, ಉಕ್ಕು ತಣ್ಣಗೆ ಅನಿಸುವುದು ಏಕೆ? ಎರಡರ ತಾಪಮಾನವೂ ಒಂದೇ ಅಲ್ಲವೇ?

ತಾಪಮಾನ ಒಂದೇ. ಕೈಗೆ ತಿಳಿಯುವುದು ವಸ್ತುವಿನ ತಾಪಮಾನವಲ್ಲ, ಕೈಯಿಂದ ಶಾಖ ಎಷ್ಟು ಬೇಗ ಹೊರಹೋಗುತ್ತಿದೆ ಎಂಬುದು. ಚರ್ಮದ ತಾಪಮಾನ ಸುಮಾರು 33 ಡಿಗ್ರಿ, ಕೋಣೆಯದು 24 ಎಂದುಕೊಳ್ಳಿ. ಉಕ್ಕಿನ ಉಷ್ಣವಾಹಕತೆ ಮರದ್ದಕ್ಕಿಂತ ಸುಮಾರು 300 ಪಟ್ಟು ಹೆಚ್ಚು. ಕೈ ಇಟ್ಟ ಕೂಡಲೇ ಉಕ್ಕು ಶಾಖವನ್ನು ಸೆಳೆದು ಒಳಕ್ಕೆ ಸಾಗಿಸಿಬಿಡುತ್ತದೆ. ಮರ ಮೇಲ್ಪದರದಲ್ಲಿ ಮಾತ್ರ ಬಿಸಿಯಾಗಿ ಅಲ್ಲಿಗೇ ನಿಲ್ಲುತ್ತದೆ. ಬಿಸಿಲಿನಲ್ಲಿ ಇದೇ ಲೆಕ್ಕ ತಿರುಗುಮುರುಗಾಗುತ್ತದೆ: ಅಷ್ಟೇ ಕಾದಿದ್ದರೂ ಉಕ್ಕು ಕೈ ಸುಡುತ್ತದೆ, ಮರ ಸುಡುವುದಿಲ್ಲ.

ಫಿನ್ಲೆಂಡಿನ ವಾಸ್ತುಶಿಲ್ಪಿ ಅಲ್ವಾರ್ ಆಲ್ಟೊ ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. 1930ರ ದಶಕದಲ್ಲಿ ಉಕ್ಕಿನ ಕೊಳವೆಯ ಕುರ್ಚಿಗಳ ಭರಾಟೆ ನಡೆದಿದ್ದಾಗ, ಅವು ಮೈಗೆ ತಣ್ಣಗೆ ತಾಗುತ್ತವೆ, ಕಣ್ಣಿಗೆ ಕುಕ್ಕುತ್ತವೆ, ಸದ್ದು ಮಾಡುತ್ತವೆ ಎಂದು ಪೈಮಿಯೊ ಕ್ಷಯರೋಗ ಆಸ್ಪತ್ರೆಗೆ ಬಾಗಿಸಿದ ಪ್ಲೈವುಡ್ ಕುರ್ಚಿಯನ್ನು ಮಾಡಿದರು. ವಿಲ್ಲಾ ಮೈರಿಯಾ ಎಂಬ ಮನೆಯಲ್ಲಿ ಉಕ್ಕಿನ ಕಂಬಗಳಿಗೆ ಬೆತ್ತ ಸುತ್ತಿಸಿದರು. ಕಂಬ ಭಾರ ಹೊರುವುದು ಉಕ್ಕಿನಿಂದ, ಕೈಗೆ ಸಿಗುವುದು ಬೆತ್ತ. ಹೆಚ್ಚು ಕೈ ತಾಗುವ ಜಾಗಗಳು ಯಾವುವು ಎಂದು ಗುರುತಿಸಿ, ಅಷ್ಟನ್ನು ಮಾತ್ರ ಬದಲಾಯಿಸಿದರೂ ಇಡೀ ಕಟ್ಟಡದ ನಡವಳಿಕೆಯೇ ಬದಲಾಗುತ್ತದೆ.

ಹೊಸ ಸಾಮಗ್ರಿ ಎಂದು ಯಾವುದನ್ನು ಕರೆಯಬೇಕು? ಮಣ್ಣಿನ ಗೋಡೆಯನ್ನೂ ಈಗ ನಾವೀನ್ಯ ಎನ್ನುತ್ತಿದ್ದಾರಲ್ಲ.

ವ್ಯಂಗ್ಯ ಅರ್ಥವಾಗುತ್ತದೆ. ಆದರೂ ಆ ಮಾತಿನಲ್ಲಿ ಹುರುಳಿದೆ. ಪದಾರ್ಥವೇ ಹೊಸದಾಗಿರಬಹುದು, ಮಾಡುವ ವಿಧಾನ ಹೊಸದಾಗಿರಬಹುದು, ಇಲ್ಲವೇ ಹಳೆಯದನ್ನು ಹಿಂದೆಂದೂ ಬಳಸದ ಕಡೆ ಬಳಸಿರಬಹುದು. ಮಣ್ಣಿನ ವಿಷಯದಲ್ಲಿ ಹೊಸದಾಗಿರುವುದು ವಿಧಾನ. ಆಸ್ಟ್ರಿಯಾದ ಮಾರ್ಟಿನ್ ರೌಖ್ ಹೊರಗಡೆ ಯಂತ್ರದಲ್ಲಿ ಮಣ್ಣನ್ನು ದಮ್ಮಸ್ಸು ಮಾಡಿ, ಒಣಗಿಸಿ, ದೊಡ್ಡ ತುಂಡುಗಳಾಗಿ ತಂದು ಜೋಡಿಸುತ್ತಾರೆ. 2014ರಲ್ಲಿ ವಾಸ್ತುಶಿಲ್ಪಿಗಳಾದ ಹೆರ್ಜೋಗ್ ಮತ್ತು ದೆ ಮ್ಯೂರಾನ್ ವಿನ್ಯಾಸ ಮಾಡಿದ, ಸ್ವಿಟ್ಜರ್ಲೆಂಡಿನ ರಿಕೋಲಾ ಗಿಡಮೂಲಿಕೆ ಸಂಸ್ಕರಣಾ ಕೇಂದ್ರದ ಗೋಡೆಗಳು ಎದ್ದದ್ದು ಹೀಗೆ. ಇನ್ನೊಂದೆಡೆ ಏರೋಜೆಲ್ ಇದೆ. ಬಹುಪಾಲು ಗಾಳಿಯೇ ಆಗಿರುವ, ಹೆಪ್ಪುಗಟ್ಟಿದ ಹೊಗೆಯಂತೆ ಕಾಣುವ ಈ ಶಾಖನಿರೋಧಕವನ್ನು ಇಂದಿಗೂ ನಾಳಿನ ಸಾಮಗ್ರಿ ಎಂದೇ ಪರಿಚಯಿಸುತ್ತಾರೆ. ಅಮೆರಿಕದ ರಸಾಯನ ವಿಜ್ಞಾನಿ ಸ್ಯಾಮ್ಯುಯೆಲ್ ಕಿಸ್ಲರ್ ಅದನ್ನು ಪ್ರಕಟಿಸಿದ್ದು 1931ರಲ್ಲಿ.

ಲ್ಯಾಮಿನೇಟ್ ನೋಡಲು ಮರದಂತೆಯೇ ಇದೆ. ಮತ್ತೆ ಮರವೇ ಏಕೆ ಬೇಕು?

ಮರವೇ ಬೇಕು ಎಂದು ನಾನು ಹೇಳುವುದಿಲ್ಲ. ಪ್ರಯೋಗಾಲಯದ ಮೇಜಿಗೆ, ದಿನವೂ ಒರೆಸುವ ಕೌಂಟರಿಗೆ ಲ್ಯಾಮಿನೇಟ್ ಒಳ್ಳೆಯ ಸಾಮಗ್ರಿ. ತಕರಾರು ಇರುವುದು ಅದು ಮರದ ವೇಷ ಹಾಕಿದಾಗ. ಹತ್ತಿರ ಹೋಗಿ ನೋಡಿ: ಒಂದೇ ಗಂಟಿನ ಗುರುತು ಅಲ್ಲೂ ಇಲ್ಲೂ ಅಚ್ಚು ತಪ್ಪದೆ ಮರುಕಳಿಸಿರುತ್ತದೆ. ಗೆಣ್ಣಿನಿಂದ ಬಡಿದರೆ ಸದ್ದು ಚಪ್ಪಟೆ. ಅಂಚಿಗೆ ಬಂದರೆ ಮೇಲಿನ ಗೆರೆಗಳು ಬದಿಯಲ್ಲಿ ಮುಂದುವರಿಯುವುದಿಲ್ಲ, ಬೇರೆ ಪಟ್ಟಿ ಅಂಟಿಸಿರುತ್ತಾರೆ. ಅಂಗೈ ಇಟ್ಟರೆ ತುಸು ತಣ್ಣಗಿರುತ್ತದೆ. ಕಣ್ಣು ಮರ ಎನ್ನುತ್ತದೆ, ಉಳಿದ ಇಂದ್ರಿಯಗಳು ಅಲ್ಲ ಎನ್ನುತ್ತವೆ. ಇದೇ ಲ್ಯಾಮಿನೇಟ್ ಒಂದೇ ಬಣ್ಣದ್ದಾಗಿ, ತಾನು ತಾನೇ ಆಗಿ ಬಂದಾಗ ಈ ಜಗಳವೇ ಇಲ್ಲ.

## ಕಣ್ಣು, ಕಿವಿ, ಮೂಗು, ಕಾಲು

ಕೋಣೆ ಬಹಳ ಸುಂದರವಾಗಿದೆ, ಆದರೆ ಒಬ್ಬರ ಮಾತು ಒಬ್ಬರಿಗೆ ಅರ್ಥವಾಗುವುದಿಲ್ಲ. ಯಾವ ಸಾಮಗ್ರಿ ತಪ್ಪಾಗಿದೆ?

ಯಾವುದೋ ಒಂದು ತಪ್ಪಾಗಿದೆ ಎನ್ನುವುದಕ್ಕಿಂತ ಎಲ್ಲವೂ ಒಂದೇ ಕಡೆ ವಾಲಿವೆ ಎನ್ನಬೇಕು. ಗಾಜು, ಕಾಂಕ್ರೀಟ್, ಪಾಲಿಶ್ ಮಾಡಿದ ಕಲ್ಲು ಧ್ವನಿಯನ್ನು ಹೀರಿಕೊಳ್ಳದೆ ವಾಪಸು ಕಳಿಸುತ್ತವೆ. ಹಿಂದಿನ ಅಕ್ಷರದ ಬಾಲ ಮುಂದಿನ ಅಕ್ಷರದ ಮೇಲೆ ಬೀಳುತ್ತದೆ, ಮಾತು ಕಲಸಿಹೋಗುತ್ತದೆ.

ಈ ವಿಷಯಕ್ಕೆ ಲೆಕ್ಕ ಕಟ್ಟಿಕೊಟ್ಟವರು ಹಾರ್ವರ್ಡ್‌ನ ಭೌತಶಾಸ್ತ್ರಜ್ಞ ವ್ಯಾಲೇಸ್ ಸಾಬಿನ್. 1895ರಲ್ಲಿ ಅಲ್ಲಿನ ಹೊಸ ಉಪನ್ಯಾಸ ಸಭಾಂಗಣದಲ್ಲಿ ಮಾತೇ ಕೇಳಿಸುತ್ತಿಲ್ಲ ಎಂಬ ದೂರು ಬಂತು. ಒಂದು ಸದ್ದು ಸಂಪೂರ್ಣ ಅಡಗಲು ಅಲ್ಲಿ ಸುಮಾರು 5.5 ಸೆಕೆಂಡು ಬೇಕಾಗುತ್ತಿತ್ತು. ಸಾಬಿನ್ ಒಂದು ಆರ್ಗನ್ ಕೊಳವೆ, ಒಂದು ಸ್ಟಾಪ್‌ವಾಚ್ ಹಿಡಿದುಕೊಂಡು ಪಕ್ಕದ ರಂಗಮಂದಿರದ ಆಸನದ ಮೆತ್ತೆಗಳನ್ನು ರಾತ್ರಿ ಹೊತ್ತು ಹೊರಿಸಿ ತಂದು, ಬೆಳಗಾಗುವುದರೊಳಗೆ ವಾಪಸು ಇಡಿಸಿ, ಎಷ್ಟು ಮೆತ್ತೆಗೆ ಎಷ್ಟು ಹೊತ್ತು ಕಡಿಮೆಯಾಗುತ್ತದೆ ಎಂದು ಅಳೆದರು. ಅದರಿಂದ ಹುಟ್ಟಿದ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಕೋಣೆಯ ಘನ ಅಳತೆ ಹೆಚ್ಚಿದಂತೆ ಅನುರಣನದ ಕಾಲ, ಅಂದರೆ ಸದ್ದು ಅಡಗಲು ಹಿಡಿಯುವ ಹೊತ್ತು, ಹೆಚ್ಚುತ್ತದೆ, ಹೀರಿಕೊಳ್ಳುವ ಮೇಲ್ಮೈ ಹೆಚ್ಚಿದಂತೆ ಕಡಿಮೆಯಾಗುತ್ತದೆ. 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್ ಆ ಲೆಕ್ಕದ ಆಧಾರದ ಮೇಲೆ ಕಟ್ಟಿದ ಸಭಾಂಗಣ.

ಪರಿಹಾರಕ್ಕೆ ಬಂದರೆ, ಮೊದಲು ಚಾವಣಿ ನೋಡಿ. ಅಡ್ಡ ಬರುವ ಸಾಮಾನು ಇಲ್ಲದ ಅತಿ ದೊಡ್ಡ ಮೇಲ್ಮೈ ಅದೇ. ತೂತುಗಳಿರುವ ಮರದ ಹಲಗೆ, ಒತ್ತಿದ ಉಣ್ಣೆ, ಮರುಬಳಕೆಯ ಪ್ಲಾಸ್ಟಿಕ್ ನಾರಿನ ಫಲಕ ಎಲ್ಲವೂ ಕೆಲಸ ಮಾಡುತ್ತವೆ. ಫಲಕದ ಹಿಂದೆ ಒಂದಿಷ್ಟು ಜಾಗ ಖಾಲಿ ಬಿಟ್ಟರೆ ತಗ್ಗಿನ ಗಡಸು ಸ್ವರಗಳನ್ನೂ ಹೀರಿಕೊಳ್ಳುತ್ತವೆ. ತೆಳು ಪರದೆ, ತೆಳು ಜಮಖಾನ ಮಾತ್ರ ಹಾಕಿದರೆ ಕೀಚಲು ಸ್ವರಗಳಷ್ಟೇ ಅಡಗಿ, ಉಳಿದದ್ದು ಗುಂಯ್ ಎನ್ನುತ್ತಲೇ ಇರುತ್ತದೆ. ಇನ್ನೊಂದು ಗೊಂದಲ ಯಾವಾಗಲೂ ಕಾಣುತ್ತೇನೆ: ಕೋಣೆಯೊಳಗಿನ ಸದ್ದನ್ನು ಹೀರುವುದು ಬೇರೆ, ಪಕ್ಕದ ಕೋಣೆಯ ಸದ್ದನ್ನು ತಡೆಯುವುದು ಬೇರೆ. ಗೋಡೆಗೆ ಸ್ಪಂಜು ಅಂಟಿಸಿದರೆ ನೆರೆಯವರ ಸದ್ದು ನಿಲ್ಲುವುದಿಲ್ಲ. ಅದಕ್ಕೆ ಭಾರ ಬೇಕು, ಸಂದು ಮುಚ್ಚಬೇಕು.

ಹೊಸ ಕಟ್ಟಡದ ವಾಸನೆ ನನಗೆ ಇಷ್ಟ. ಅದು ಒಳ್ಳೆಯದೇ ತಾನೆ?

ಅಷ್ಟೇನೂ ಅಲ್ಲ. ಆ ವಾಸನೆಯ ಬಹುಪಾಲು ಬಣ್ಣ, ಅಂಟು, ವಾರ್ನಿಷ್, ಒತ್ತಿ ಮಾಡಿದ ಹಲಗೆಗಳಿಂದ ಹೊರಬರುವ ಆವಿ. ಅಂಟಿನಲ್ಲಿರುವ ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡಬಲ್ಲ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ವರ್ಗೀಕರಿಸಿತು. ಕಡಿಮೆ ಆವಿ ಬಿಡುವ ದರ್ಜೆಯ ಹಲಗೆ ಕೇಳಿ ಪಡೆಯಿರಿ, ಕತ್ತರಿಸಿದ ಅಂಚುಗಳನ್ನು ಮುಚ್ಚಿಸಿ, ವಾಸ ಶುರುಮಾಡುವ ಮುನ್ನ ಚೆನ್ನಾಗಿ ಗಾಳಿಯಾಡಲು ಬಿಡಿ. ಸುಗಂಧ ಸಿಂಪಡಿಸಿದರೆ ಆವಿ ಹೋಗುವುದಿಲ್ಲ, ಅದರ ಜತೆಗೆ ಇನ್ನೊಂದು ಸೇರುತ್ತದೆ.

ಹಾಗೆಂದು ವಾಸನೆಯನ್ನು ವಿನ್ಯಾಸದಿಂದ ಹೊರಗಿಡಬೇಕಿಲ್ಲ. ಜರ್ಮನಿಯ ವಾಖೆನ್‌ಡಾರ್ಫ್ ಬಳಿಯ ಹೊಲದಲ್ಲಿ ಸ್ವಿಟ್ಜರ್ಲೆಂಡಿನ ವಾಸ್ತುಶಿಲ್ಪಿ ಪೀಟರ್ ಜುಮ್ಟೋರ್ 2007ರಲ್ಲಿ ಮುಗಿಸಿದ ಬ್ರೂಡರ್ ಕ್ಲಾಸ್ ಪ್ರಾರ್ಥನಾ ಮಂದಿರವನ್ನೇ ನೋಡಿ. 112 ಮರದ ದಿಮ್ಮಿಗಳನ್ನು ಗುಡಾರದ ಹಾಗೆ ನಿಲ್ಲಿಸಿ, ಸುತ್ತಲೂ ಪದರ ಪದರವಾಗಿ ಕಾಂಕ್ರೀಟ್ ತುಂಬಿದರು. ಆಮೇಲೆ ಒಳಗೆ ಬೆಂಕಿ ಇಟ್ಟು ಸುಮಾರು ಮೂರು ವಾರ ಹೊಗೆಯಾಡಿಸಿ ದಿಮ್ಮಿಗಳನ್ನು ತೆಗೆದರು. ಉಳಿದದ್ದು ದಿಮ್ಮಿಗಳ ಅಚ್ಚು ಮೂಡಿದ, ಕರಿ ಹಿಡಿದ ಗೋಡೆ, ಅದರೊಳಗೆ ಸೇರಿಹೋದ ಹೊಗೆಯ ವಾಸನೆ.

ಕಣ್ಣು ಕಾಣದವರಿಗೆ ನೆಲ ದಾರಿ ತೋರಿಸುವುದು ಹೇಗೆ? ಹಳದಿ ಟೈಲ್ಸ್ ಹಾಕಿದರೆ ಸಾಕೇ?

ಆ ಟೈಲ್ಸ್‌ಗೆ ತನ್ನದೇ ವ್ಯಾಕರಣವಿದೆ. ಉದ್ದ ಗೆರೆಗಳ ಉಬ್ಬು ಇದ್ದರೆ ಮುಂದೆ ಸಾಗು, ಗುಂಡು ಉಬ್ಬು ಇದ್ದರೆ ನಿಲ್ಲು ಅಥವಾ ಎಚ್ಚರ. ಜಪಾನಿನ ಸೈಇಚಿ ಮಿಯಾಕೆ 1965ರಲ್ಲಿ ಇದನ್ನು ರೂಪಿಸಿದರು. 1967ರ ಮಾರ್ಚ್ 18ರಂದು ಒಕಾಯಾಮಾ ನಗರದಲ್ಲಿ ಅಂಧರ ಶಾಲೆಯ ಬಳಿ ಮೊದಲು ಹಾಸಲಾಯಿತು. ಹಳದಿ ಬಣ್ಣ ಅಲಂಕಾರಕ್ಕಲ್ಲ, ಮಂದ ದೃಷ್ಟಿಯವರಿಗೆ ಸುತ್ತಲಿನ ನೆಲದಿಂದ ಬೇರೆಯಾಗಿ ಕಾಣಲಿ ಎಂದು. ನೆಲಕ್ಕೆ ಹೊಂದಲಿ ಎಂದು ಬೂದು ಮೇಲೆ ಬೂದು ಹಾಕಿಸುವ ವಿನ್ಯಾಸಕರು ಅರ್ಧ ಕೆಲಸವನ್ನು ತಾವೇ ಅಳಿಸಿಹಾಕುತ್ತಾರೆ. ಗೆರೆಯ ನಡುವೆ ಕಂಬ ನೆಟ್ಟಿರುವುದು, ಗೆರೆ ನೇರ ಗೋಡೆಗೆ ಹೋಗಿ ಮುಗಿಯುವುದು ಇನ್ನೂ ಕೆಟ್ಟದ್ದು.

ಕಟ್ಟಡದ ಒಳಗೆ ಇಷ್ಟು ಗಟ್ಟಿಯಾಗಿ ಹೇಳಬೇಕಿಲ್ಲ. ಓಡಾಡುವ ಹಾದಿಗೆ ಕಲ್ಲು, ಕುಳಿತುಕೊಳ್ಳುವ ಜಾಗಕ್ಕೆ ಮರ ಹಾಕಿದರೆ ಹೆಜ್ಜೆಯ ಸದ್ದೇ ಜಾಗ ಬದಲಾಯಿತು ಎಂದು ತಿಳಿಸುತ್ತದೆ. ಮೆಟ್ಟಿಲಿನ ಕೈಗಂಬಿ ಕೊನೆಗೊಳ್ಳುವ ಮುನ್ನ ಅದರಲ್ಲಿ ಸಣ್ಣದೊಂದು ಕಚ್ಚು ಇದ್ದರೆ, ಇನ್ನೊಂದೇ ಮೆಟ್ಟಿಲು ಉಳಿದಿದೆ ಎಂದು ಹೆಬ್ಬೆರಳಿಗೆ ಗೊತ್ತಾಗುತ್ತದೆ. ಇದು ಕಣ್ಣು ಕಾಣುವವರಿಗೂ ವಿದ್ಯುತ್ ಹೋದಾಗ ಬೇಕಾಗುತ್ತದೆ.

ಒರಟು ಗೋಡೆ ಚೆಂದ, ಆದರೆ ಧೂಳು ಯಾರು ಒರೆಸುತ್ತಾರೆ?

ಸರಿಯಾದ ಪ್ರಶ್ನೆ, ವಾಸ್ತುಶಿಲ್ಪಿಗಳು ಕೇಳಿಕೊಳ್ಳದ ಪ್ರಶ್ನೆ. ಗೆರೆಗಳಿರುವ ಮೇಲ್ಮೈ ಆದರೆ ಗೆರೆ ಮೇಲಿನಿಂದ ಕೆಳಕ್ಕೆ ಇರಲಿ, ಅಡ್ಡ ಗೆರೆ ಧೂಳಿಗೆ ಕಪಾಟು. ಭುಜ ಉಜ್ಜುವ ಇಕ್ಕಟ್ಟಿನ ಹಾದಿಯಲ್ಲಿ ಒರಟು ಗೋಡೆ ಬೇಡ. ಅಡುಗೆಯ ಜಿಡ್ಡು ಹಾರುವ ಕಡೆಯಂತೂ ಬೇಡವೇ ಬೇಡ.

ಮಾದರಿ ತುಂಡು ನೋಡಿ ಒಪ್ಪಿದ ಬಣ್ಣ ಗೋಡೆಗೆ ಬಂದಾಗ ಬೇರೆಯೇ ಕಾಣುತ್ತದೆ. ಮೋಸವೇ?

ಮೋಸವಲ್ಲ, ಬೆಳಕು. ಅಂಗಡಿಯ ದೀಪದಲ್ಲಿ ಒಂದೇ ಎನಿಸಿದ ಎರಡು ಬಣ್ಣಗಳು ಹಗಲಿನಲ್ಲಿ ಬೇರೆಯಾಗುತ್ತವೆ, ಏಕೆಂದರೆ ಆ ದೀಪದಲ್ಲಿ ಬೆಳಕಿನ ಕೆಲವು ಅಲೆಗಳು ಕಡಿಮೆ. ಬಣ್ಣದ ಜತೆಗೆ ಹೊಳಪೂ ಆಟ ಆಡುತ್ತದೆ: ಮಂದ ಮೇಲ್ಮೈ ಎಲ್ಲ ಕಡೆಗೂ ಬೆಳಕನ್ನು ಚೆದುರಿಸುತ್ತದೆ, ಹೊಳೆಯುವ ಮೇಲ್ಮೈ ಎದುರಿಗಿರುವ ಕಿಟಕಿಯನ್ನೇ ತೋರಿಸುತ್ತದೆ. ಇನ್ನೊಂದು, ಮಾದರಿಯನ್ನು ಮೇಜಿನ ಮೇಲೆ ಮಲಗಿಸಿ ನೋಡುತ್ತೇವೆ, ಗೋಡೆ ನಿಂತಿರುತ್ತದೆ.

ಆದ್ದರಿಂದ ಬಾಗಿಲಗಲದ ಮಾದರಿಯನ್ನಾದರೂ ಮಾಡಿಸಿ, ಅದು ಬರುವ ಗೋಡೆಯ ಮೇಲೆಯೇ ನಿಲ್ಲಿಸಿ, ಬೆಳಿಗ್ಗೆ, ಸಂಜೆ, ದೀಪ ಹಚ್ಚಿದ ಮೇಲೆ ನೋಡಿ. ಗೋಡೆಯನ್ನು ಒರಸಿಕೊಂಡು ಬೀಳುವ ಓರೆ ಬೆಳಕಿನಲ್ಲಿ ಗಾರೆಯ ಕರಣೆ ಎಲ್ಲಿ ತಿರುಗಿತು ಎಂಬುದೂ ಕಾಣುತ್ತದೆ. ಸುಣ್ಣದ ಗಾರೆಗೆ ಅದೇ ಅಂದ. ನುಣುಪಾದ ಜಿಪ್ಸಂ ಗೋಡೆಗೆ ಅದೇ ಅವಮಾನ.

## ತುಸು ಆಳಕ್ಕೆ

ಅಣಬೆಯಿಂದ ಇಟ್ಟಿಗೆ ಮಾಡುತ್ತಾರಂತೆ. ಅದರಲ್ಲಿ ಮನೆ ಕಟ್ಟಬಹುದೇ?

ಭಾರ ಹೊರುವ ಗೋಡೆ ಕಟ್ಟಲಾಗದು, ಸದ್ಯಕ್ಕಂತೂ ಇಲ್ಲ. ಬಳಸುವುದು ನಾವು ತಿನ್ನುವ ಅಣಬೆಯ ಕೊಡೆಯನ್ನಲ್ಲ, ನೆಲದಡಿಯಲ್ಲಿ ಹರಡುವ ಬಿಳಿ ಎಳೆಗಳ ಜಾಲವನ್ನು. ಜೋಳದ ದಂಟು, ಮರದ ಹೊಟ್ಟಿನಂಥ ಕೃಷಿ ತ್ಯಾಜ್ಯಕ್ಕೆ ಶಿಲೀಂಧ್ರವನ್ನು ಬೆರೆಸಿ ಅಚ್ಚಿನಲ್ಲಿ ತುಂಬಿ ಬೆಚ್ಚಗೆ ಕತ್ತಲಲ್ಲಿ ಇಟ್ಟರೆ ಕೆಲವೇ ದಿನಗಳಲ್ಲಿ ಎಳೆಗಳು ಹೊಟ್ಟಿನ ಚೂರುಗಳನ್ನೆಲ್ಲ ಹೆಣೆದು ಒಂದು ಮಾಡುತ್ತವೆ. ಆಮೇಲೆ ಬಿಸಿಯಲ್ಲಿ ಒಣಗಿಸಿ ಬೆಳವಣಿಗೆಯನ್ನು ನಿಲ್ಲಿಸುತ್ತಾರೆ. ಅಂಟು ಬೇಡ, ಕುಲುಮೆ ಬೇಡ.

2014ರಲ್ಲಿ ನ್ಯೂಯಾರ್ಕಿನ ಮೋಮಾ ಪಿಎಸ್1 ಕಲಾಕೇಂದ್ರದ ಅಂಗಳದಲ್ಲಿ ಡೇವಿಡ್ ಬೆಂಜಮಿನ್ ಅವರ ದಿ ಲಿವಿಂಗ್ ತಂಡ ಇಂಥ ಸುಮಾರು 10,000 ಇಟ್ಟಿಗೆಗಳಿಂದ ಹೈ-ಫೈ ಎಂಬ ಗೋಪುರ ನಿಲ್ಲಿಸಿತು. ಬೇಸಿಗೆ ಮುಗಿದ ಮೇಲೆ ಇಟ್ಟಿಗೆಗಳನ್ನು ಗೊಬ್ಬರ ಮಾಡಲಾಯಿತು. ಗೋಪುರ ನಿಂತದ್ದು ನಿಜ. ಆದರೆ ಅದು ಒಂದು ಋತುವಿನ ಮಂಟಪ, ಅದರ ಹಿಂದೆ ಮರದ ಆಸರೆಯೂ ಇತ್ತು. ಈ ಸಾಮಗ್ರಿ ಒತ್ತಿದರೆ ತುಸು ಒಳಹೋಗುತ್ತದೆ, ಸುಟ್ಟ ಇಟ್ಟಿಗೆಯ ಬಲದ ಸಣ್ಣ ಪಾಲೂ ಅದಕ್ಕಿಲ್ಲ, ತೇವ ಬಹಳ ಹೊತ್ತು ನಿಂತರೆ ಕೊಳೆಯುತ್ತದೆ. ಅದರ ಸರಿಯಾದ ಜಾಗ ಬೇರೆ ಕಡೆ: ಶಾಖ ತಡೆಯುವ ಪದರ, ಸದ್ದು ಹೀರುವ ಫಲಕ, ಥರ್ಮೋಕೋಲ್ ಬದಲಿಗೆ ಪ್ಯಾಕಿಂಗ್. ಮುಟ್ಟಿದರೆ ಮೃದು ಚರ್ಮದ ಹಾಗಿರುವ ಅದರ ಮೇಲ್ಪದರವನ್ನು ಬಣ್ಣ ಬಳಿದು ಮುಚ್ಚುವುದನ್ನು ಕಂಡರೆ ನನಗೆ ಕಸಿವಿಸಿ.

ತನ್ನ ಬಿರುಕನ್ನು ತಾನೇ ಮುಚ್ಚಿಕೊಳ್ಳುವ ಕಾಂಕ್ರೀಟ್ ನಿಜವೋ, ಪ್ರಚಾರವೋ?

ನಿಜ, ಮಿತಿಯೊಳಗೆ. ನೆದರ್ಲೆಂಡ್ಸಿನ ಡೆಲ್ಫ್ಟ್ ವಿಶ್ವವಿದ್ಯಾಲಯದ ಹೆಂಕ್ ಯಾಂಕರ್ಸ್ ಸುಣ್ಣದಂಥ ಕಟು ಕ್ಷಾರದಲ್ಲೂ ಬದುಕುವ ಬ್ಯಾಕ್ಟೀರಿಯಾದ ಬೀಜಾಣುಗಳನ್ನೂ ಅವುಗಳ ಆಹಾರವಾಗಿ ಕ್ಯಾಲ್ಸಿಯಂ ಲ್ಯಾಕ್ಟೇಟನ್ನೂ ಕಾಂಕ್ರೀಟಿಗೆ ಬೆರೆಸಿದರು. ಬಿರುಕು ಬಿಟ್ಟು ನೀರು ಒಳಹೋದಾಗ ಅವು ಎಚ್ಚರಗೊಂಡು ಸುಣ್ಣಕಲ್ಲನ್ನು ಉತ್ಪಾದಿಸಿ ಸಂದು ತುಂಬುತ್ತವೆ. ಒಂದು ಮಿಲಿಮೀಟರಿಗಿಂತ ಕಿರಿದಾದ ಬಿರುಕಿಗೆ ಇದು ಸರಿ. ಉದ್ದೇಶವೂ ಅಷ್ಟೇ: ಕೂದಲೆಳೆ ಬಿರುಕಿನಿಂದ ನೀರು ಇಳಿದು ಒಳಗಿನ ಕಂಬಿ ತುಕ್ಕು ಹಿಡಿಯಬಾರದು. ಅಡಿಪಾಯ ಕುಸಿದು ಬಿಟ್ಟ ಬಿರುಕನ್ನು ಯಾವ ಬ್ಯಾಕ್ಟೀರಿಯಾವೂ ಮುಚ್ಚುವುದಿಲ್ಲ.

ಸ್ವಾರಸ್ಯವೆಂದರೆ ರೋಮನ್ನರ ಕಾಂಕ್ರೀಟಿನಲ್ಲೂ ಇಂಥ ಗುಣವಿದೆ. ಅದರೊಳಗಿನ ಬಿಳಿ ಸುಣ್ಣದ ಹರಳುಗಳನ್ನು ಬಹಳ ಕಾಲ ಸರಿಯಾಗಿ ಕಲಸದಿರುವ ದೋಷ ಎಂದೇ ತಿಳಿಯಲಾಗಿತ್ತು. 2023ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಅದ್ಮಿರ್ ಮಾಸಿಕ್ ಅವರ ತಂಡ, ಅವು ಸುಡುಸುಣ್ಣವನ್ನು ಬಿಸಿಯಾಗಿಯೇ ಕಲಸಿದ್ದರಿಂದ ಉಳಿದವು, ಬಿರುಕಿಗೆ ನೀರು ಬಂದಾಗ ಕರಗಿ ಮತ್ತೆ ಗಟ್ಟಿಯಾಗಿ ಸಂದು ಮುಚ್ಚುತ್ತವೆ ಎಂದು ತೋರಿಸಿತು.

ತಾಪ, ತೇವಕ್ಕೆ ತಾನೇ ಪ್ರತಿಕ್ರಿಯಿಸುವ ಸಾಮಗ್ರಿಗಳು ಎಂದರೆ ಎಲ್ಲದಕ್ಕೂ ವಿದ್ಯುತ್, ಸಂವೇದಕ ಬೇಕೇ?

ಬೇಡ. ನನಗೆ ಅತ್ಯಂತ ಮೆಚ್ಚಿಗೆಯಾದವುಗಳಲ್ಲಿ ತಂತಿಯೇ ಇಲ್ಲ. ಪೈನ್ ಕಾಯಿ ಒಣಗಿದಾಗ ಅರಳುತ್ತದೆ, ಒದ್ದೆಯಾದಾಗ ಮುಚ್ಚುತ್ತದೆ. ತೇವಕ್ಕೆ ಮರ ಹಿಗ್ಗುವುದು ಎಳೆಗೆ ಅಡ್ಡವಾಗಿ, ಉದ್ದಕ್ಕೆ ಬಹುತೇಕ ಇಲ್ಲ. ಜರ್ಮನಿಯ ವಾಸ್ತುಶಿಲ್ಪಿ ಆಖಿಮ್ ಮೆಂಗೆಸ್ ಈ ಗುಣವನ್ನೇ ಹಿಡಿದು ತೆಳು ಮರದ ಹಾಳೆಗೆ ಹಿಗ್ಗದ ಇನ್ನೊಂದು ಪದರ ಅಂಟಿಸಿದರು. ಗಾಳಿಯ ತೇವ ಬದಲಾದಂತೆ ಹಾಳೆ ತಾನೇ ಬಾಗುತ್ತದೆ. 2012ರಲ್ಲಿ ಪ್ಯಾರಿಸ್ಸಿನ ಪೊಂಪಿದು ಕಲಾಕೇಂದ್ರಕ್ಕಾಗಿ ಮಾಡಿದ ಹೈಗ್ರೋಸ್ಕೋಪ್‌ನಲ್ಲಿ ಇಂಥ ನೂರಾರು ಎಸಳುಗಳು ಮೋಟಾರ್ ಇಲ್ಲದೆ ತೆರೆದು ಮುಚ್ಚಿಕೊಳ್ಳುತ್ತಿದ್ದವು. ಶತಮಾನಗಳಿಂದ ಬಡಗಿಗಳು ಶಪಿಸಿದ ಮರದ ಚಟ ಇಲ್ಲಿ ಕೆಲಸಕ್ಕೆ ಬಂತು.

ಕರಗುವ ಸಾಮಗ್ರಿಗಳದು ಇನ್ನೊಂದು ಬಗೆ. ಒಂದು ಕಿಲೋ ಕಾಂಕ್ರೀಟನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕಿಲೋಜೂಲ್‌ಗಿಂತ ಕಡಿಮೆ ಶಾಖ ಸಾಕು. ಒಂದು ಕಿಲೋ ಪ್ಯಾರಾಫಿನ್ ಮೇಣ ಕರಗಲು ಸುಮಾರು 200 ಕಿಲೋಜೂಲ್ ಬೇಕು. ಕೋಣೆಯ ತಾಪಮಾನದಲ್ಲಿ ಕರಗುವ ಮೇಣವನ್ನು ಸೂಕ್ಷ್ಮ ಗುಳಿಗೆಗಳಲ್ಲಿ ತುಂಬಿ ಗೋಡೆಯ ಹಲಗೆಗೆ ಬೆರೆಸಿದರೆ, ಹಗಲಿನ ಸೆಖೆಯನ್ನು ಅದು ನುಂಗಿ ರಾತ್ರಿ ಬಿಟ್ಟುಕೊಡುತ್ತದೆ. ಷರತ್ತು ಒಂದೇ, ರಾತ್ರಿ ಸಾಕಷ್ಟು ತಂಪಾಗಬೇಕು. ಹಗಲೂ ರಾತ್ರಿಯೂ ಒಂದೇ ಸೆಖೆಯಿರುವ ಕಡೆ ಮೇಣ ಕರಗಿದ್ದು ಕರಗಿಯೇ ಇರುತ್ತದೆ, ಗೋಡೆಗೆ ಭಾರವಷ್ಟೇ ಲಾಭ. ವಿದ್ಯುತ್ತಿನಿಂದ ಬಣ್ಣ ಬದಲಿಸುವ ಗಾಜು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಬಿಸಿಲಿಗೆ ಹೊರಗೊಂದು ನೆರಳು ಕೊಡುವುದು ಅದಕ್ಕಿಂತ ಸರಳ.

ಗಾಜಿನ ಬದಲು ಪ್ಲಾಸ್ಟಿಕ್ ಹಾಳೆಯ ಚಾವಣಿ ಹಾಕುತ್ತಾರೆ. ಗಾಜಿನಷ್ಟೇ ಒಳ್ಳೆಯದೇ?

ಇಟಿಎಫ್‌ಇ ಎಂಬ ಆ ಹಾಳೆಯನ್ನು ಎರಡು ಮೂರು ಪದರ ಮಾಡಿ, ನಡುವೆ ಗಾಳಿ ತುಂಬಿ ದಿಂಬಿನಂತೆ ಬಳಸುತ್ತಾರೆ. ಅಷ್ಟೇ ವಿಸ್ತೀರ್ಣದ ಗಾಜಿನ ಸುಮಾರು ಶೇಕಡಾ 1ರಷ್ಟು ಮಾತ್ರ ತೂಕ. ಆದ್ದರಿಂದ ಹೊರುವ ಉಕ್ಕೂ ಕಡಿಮೆ. ಇಂಗ್ಲೆಂಡಿನ ಈಡನ್ ಪ್ರಾಜೆಕ್ಟ್ 2001ರಲ್ಲಿ, ಮ್ಯೂನಿಕ್‌ನ ಅಲಿಯಾನ್ಸ್ ಅರೀನಾ 2005ರಲ್ಲಿ, ಬೀಜಿಂಗ್‌ನ ವಾಟರ್ ಕ್ಯೂಬ್ 2008ರಲ್ಲಿ ಇದನ್ನು ಜಗತ್ತಿಗೆ ತೋರಿಸಿದವು. ಮಳೆ ಬಂದಾಗ ಮಾತ್ರ ಚಾವಣಿ ಡೋಲಾಗುತ್ತದೆ, ಹಾಗಾಗಿ ತೋಟಕ್ಕೆ, ಈಜುಕೊಳಕ್ಕೆ ಸರಿ, ತರಗತಿಗೆ ಅಲ್ಲ. ಹೊರಗಿನ ಸದ್ದನ್ನೂ ಅದು ಅಷ್ಟಾಗಿ ತಡೆಯದು. ಗಾಳಿ ತುಂಬುವ ಪಂಪು ಸದಾ ನಡೆಯುತ್ತಿರಬೇಕು.

ಇಂದ್ರಿಯಾನುಭವಕ್ಕೆ ಒಂದೇ ಕಟ್ಟಡದ ಉದಾಹರಣೆ ಕೊಡಿ ಎಂದರೆ ಯಾವುದು?

ಎರಡು ಕೊಡುತ್ತೇನೆ. ಸ್ವಿಟ್ಜರ್ಲೆಂಡಿನ ವಾಲ್ಸ್ ಊರಿನ ಬಿಸಿನೀರಿನ ಸ್ನಾನಗೃಹ, 1996ರಲ್ಲಿ ಜುಮ್ಟೋರ್ ಮುಗಿಸಿದ್ದು. ಅದೇ ಕಣಿವೆಯ ಬೆಣಚುಕಲ್ಲಿನ ಸುಮಾರು 60,000 ತೆಳು ಚಪ್ಪಡಿಗಳನ್ನು ಒಂದರ ಮೇಲೊಂದು ಜೋಡಿಸಿ ಗೋಡೆ ಎಬ್ಬಿಸಿದ್ದಾರೆ. ಒಳಗೆ ಬೆಳಕು ಕಡಿಮೆ, ಚಾವಣಿಯ ಸಂದುಗಳಿಂದ ಮಾತ್ರ ಇಳಿಯುತ್ತದೆ. ಕಣ್ಣಿನ ಕೆಲಸ ಕಡಿಮೆಯಾದಾಗ ಚರ್ಮ ಎಚ್ಚರಗೊಳ್ಳುತ್ತದೆ. ಒಂದು ಕೊಳದಲ್ಲಿ ನೀರು 42 ಡಿಗ್ರಿ, ಇನ್ನೊಂದರಲ್ಲಿ 14. ಅದೇ ಕಲ್ಲು ಒಂದು ಕಡೆ ಒದ್ದೆಯಾಗಿ ಕಪ್ಪಾಗಿ, ಇನ್ನೊಂದು ಕಡೆ ಒಣಗಿ ಬೂದಾಗಿ ಇರುತ್ತದೆ. ಒಂದೇ ಸಾಮಗ್ರಿಯಿಂದ ಇಷ್ಟೊಂದು ಅನುಭವ ಹೊರಡಿಸಿದ್ದೇ ಅದರ ಹೆಚ್ಚುಗಾರಿಕೆ.

ಎರಡನೆಯದು ಫಿನ್ಲೆಂಡಿನ ಸೈನಾತ್ಸಾಲೊ ಪುರಭವನ, 1952, ಆಲ್ಟೊ ಅವರದು. ಸಭಾಂಗಣಕ್ಕೆ ಇಟ್ಟಿಗೆಯ ಕತ್ತಲು ಮೆಟ್ಟಿಲಿನಲ್ಲಿ ಹತ್ತಬೇಕು. ಗೋಡೆಯೂ ಇಟ್ಟಿಗೆ, ಕಾಲಡಿಯೂ ಇಟ್ಟಿಗೆ. ಮೇಲೆ ತಲುಪಿ ಸಭಾಂಗಣದೊಳಗೆ ಹೆಜ್ಜೆ ಇಟ್ಟ ಕೂಡಲೇ ಮರದ ನೆಲ: ಸಣ್ಣಗೆ ಕಿರುಗುಟ್ಟುತ್ತದೆ, ಕಾಲಿಗೆ ತುಸು ಬಾಗುತ್ತದೆ, ಮೇಣದ ವಾಸನೆ ಬರುತ್ತದೆ. ಇದು ಮುಖ್ಯವಾದ ಜಾಗ ಎಂದು ಫಲಕ ಹಾಕಿ ಹೇಳಬೇಕಾಗಿಲ್ಲ. ಅಲ್ಲಿ ಯಾವ ಹೊಸ ಸಾಮಗ್ರಿಯೂ ಇಲ್ಲ ಎಂಬುದನ್ನು ಗಮನಿಸಿ.

## ಕಠಿಣ ಪ್ರಶ್ನೆಗಳು

ಸಾಮಗ್ರಿ 20 ವರ್ಷದ ನಂತರ ಹೇಗಿರುತ್ತದೆ ಎಂದು ಮೊದಲೇ ತಿಳಿಯುವುದು ಹೇಗೆ?

ಆ ಸಾಮಗ್ರಿಯ ಹಳೆಯ ಕಟ್ಟಡವನ್ನು ಹುಡುಕಿ ಹೋಗಿ ನೋಡುವುದಕ್ಕಿಂತ ಒಳ್ಳೆಯ ದಾರಿ ಇಲ್ಲ. ಕಿಟಕಿಯ ಕೆಳಗಿನ ಕಲೆ, ನೆಲದಿಂದ ಮೊಣಕಾಲೆತ್ತರದವರೆಗಿನ ಗೋಡೆ, ಹಿಡಿಕೆಯ ಸುತ್ತಲಿನ ಜಾಗ, ಈ ಮೂರನ್ನು ನೋಡಿ. ಮಾರುವವರ ಕೈಹೊತ್ತಗೆಯಲ್ಲಿ ಇವುಗಳ ಚಿತ್ರ ಇರುವುದಿಲ್ಲ.

ತುಕ್ಕು ಹಿಡಿಸಿಯೇ ಬಳಸುವ ಕಾರ್ಟೆನ್ ಉಕ್ಕನ್ನು ತೆಗೆದುಕೊಳ್ಳಿ. 1933ರಲ್ಲಿ ಯುಎಸ್ ಸ್ಟೀಲ್ ಅದನ್ನು ತಂದಿತು. ಕಟ್ಟಡದಲ್ಲಿ ಅದರ ಅಂದವನ್ನು ತೋರಿಸಿದ್ದು ಏರೋ ಸಾರಿನೆನ್ ವಿನ್ಯಾಸದ ಜಾನ್ ಡೀರ್ ಕಂಪನಿಯ ಪ್ರಧಾನ ಕಚೇರಿ, 1964ರಲ್ಲಿ. ತೋಯ್ದು ಒಣಗಿ, ತೋಯ್ದು ಒಣಗಿ ಅದರ ಮೇಲೆ ಒತ್ತಾದ ತುಕ್ಕಿನ ಪದರ ಕೂತು ಒಳಗಿನ ಉಕ್ಕನ್ನು ಕಾಯುತ್ತದೆ. ಒಣಗಲು ಬಿಡದಿದ್ದರೆ ಕೆಟ್ಟಿತು. ನೀರು ನಿಲ್ಲುವ ಮೂಲೆಯಲ್ಲಿ, ಉಪ್ಪುಗಾಳಿಯ ಕಡಲ ದಂಡೆಯಲ್ಲಿ ಪದರ ಕೂರುವುದೇ ಇಲ್ಲ, ತುಕ್ಕು ಒಳಕ್ಕೆ ಇಳಿಯುತ್ತಲೇ ಹೋಗುತ್ತದೆ. ಆರಂಭದ ವರ್ಷಗಳಲ್ಲಿ ಇಳಿಯುವ ಕೆಂಪು ನೀರು ಕೆಳಗಿನ ಬಿಳಿ ಕಲ್ಲಿಗೆ ಕಲೆ ಹಚ್ಚುವುದೂ ಖಚಿತ.

ಸವೆತವನ್ನು ಲೆಕ್ಕಕ್ಕೆ ಹಿಡಿದು ಕಟ್ಟುವ ದಾರಿಯೂ ಇದೆ. ರೌಖ್ ತಮ್ಮ ಮಣ್ಣಿನ ಗೋಡೆಗಳಲ್ಲಿ ನಿರ್ದಿಷ್ಟ ಅಂತರಕ್ಕೊಂದು ಗಟ್ಟಿ ಸಾಲನ್ನು ತುಸು ಹೊರಚಾಚಿ ಇಡುತ್ತಾರೆ. ಗೋಡೆಯ ಮೇಲೆ ಇಳಿಯುವ ಮಳೆನೀರಿನ ವೇಗ ಅಲ್ಲಲ್ಲಿ ಮುರಿಯುತ್ತದೆ, ಮಣ್ಣು ಒಂದಿಷ್ಟು ಕರಗಿ ಆಮೇಲೆ ನಿಲ್ಲುತ್ತದೆ. ಮೇಲ್ಮೈಯ ಮಣ್ಣು ತೊಳೆದುಹೋಗಿ ಒಳಗಿನ ಕಲ್ಲುಹರಳು ಕಾಣುವುದು ಅಲ್ಲಿ ದೋಷವಲ್ಲ.

ಪ್ರಮಾಣಪತ್ರ ಇರುವ ಹೊಸ ಸಾಮಗ್ರಿಯನ್ನು ಧೈರ್ಯವಾಗಿ ಬಳಸಬಹುದಲ್ಲವೇ?

ಪ್ರಮಾಣಪತ್ರದಲ್ಲಿ ಏನನ್ನು ಪರೀಕ್ಷಿಸಿದ್ದಾರೆ ಎಂದು ಓದದೆ ಬೇಡ. ಹಾಳೆಯೊಂದನ್ನೇ ಪರೀಕ್ಷಿಸುವುದು ಬೇರೆ. ಹಾಳೆ, ಅದರ ಹಿಂದಿನ ಗಾಳಿಯ ಸಂದು, ಅದರ ಹಿಂದಿನ ಶಾಖನಿರೋಧಕ, ಹಿಡಿದಿಟ್ಟ ಮೊಳೆ ಎಲ್ಲವನ್ನೂ ಸೇರಿಸಿ ನಿಲ್ಲಿಸಿ ಸುಡುವ ಪರೀಕ್ಷೆ ಬೇರೆ. ಲಂಡನ್ನಿನ ಗ್ರೆನ್‌ಫೆಲ್ ಗೋಪುರದಲ್ಲಿ 2017ರ ಜೂನ್ 14ರಂದು 72 ಜನರ ಜೀವ ಹೋಯಿತು. ಬೆಂಕಿ ಹೊರಗೋಡೆಯನ್ನು ಹತ್ತಿ ಹಬ್ಬಲು ಮುಖ್ಯ ಕಾರಣ, ನವೀಕರಣದಲ್ಲಿ ಹೊದಿಸಿದ್ದ ಅಲ್ಯೂಮಿನಿಯಂ ಫಲಕಗಳ ನಡುವಿನ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನ ತಿರುಳು. ಹೊರಗಿನಿಂದ ನೋಡಿದರೆ, ಮುಟ್ಟಿದರೆ ಅದು ಶುದ್ಧ ಲೋಹ. ಇಂದ್ರಿಯಗಳ ಮೇಲೆ ನನಗೆಷ್ಟೇ ನಂಬಿಕೆ ಇದ್ದರೂ, ಬೆಂಕಿಯ ವಿಷಯದಲ್ಲಿ ಕೈಯನ್ನೂ ಕಣ್ಣನ್ನೂ ನಂಬಬಾರದು. ಫಲಕದ ಅಡ್ಡಸೀಳನ್ನು ತರಿಸಿ ನೋಡಿ, ತಿರುಳು ಏನೆಂದು ಬರಹದಲ್ಲಿ ಪಡೆಯಿರಿ.

ಎಲ್ಲ ಇಂದ್ರಿಯಗಳನ್ನೂ ಒಟ್ಟಿಗೆ ತಟ್ಟಿದರೆ ಅನುಭವ ಇನ್ನೂ ದೊಡ್ಡದಾಗುವುದಿಲ್ಲವೇ?

ದೊಡ್ಡದಾಗುವುದಿಲ್ಲ, ಗದ್ದಲವಾಗುತ್ತದೆ. ಸದ್ದಿಗೆ, ಬೆಳಕಿಗೆ ಬೇಗ ದಣಿಯುವ ಮಕ್ಕಳಿಗೆ, ಆಟಿಸಂ ಇರುವವರಿಗೆ, ಮರೆವಿನ ಕಾಯಿಲೆಯ ಹಿರಿಯರಿಗೆ ಅಂಥ ಜಾಗ ಹಿಂಸೆ. ಹೊಳೆಯುವ ನೆಲದ ಪ್ರತಿಫಲನ ಮರೆವಿನ ಕಾಯಿಲೆಯವರಿಗೆ ನೀರಿನಂತೆ ಕಾಣಬಹುದು, ಕಪ್ಪು ಚಾಪೆ ಗುಂಡಿಯಂತೆ ಕಾಣಬಹುದು. ಒಂದು ಜಾಗಕ್ಕೆ ಒಂದು ಇಂದ್ರಿಯವನ್ನು ಮುಂದಿಟ್ಟು ಉಳಿದವನ್ನು ಹಿಂದಕ್ಕೆ ಸರಿಸುವುದೇ ಜಾಣತನ.

ಪರಿಸರಸ್ನೇಹಿ ಸಾಮಗ್ರಿ ಎಂಬ ಹಣೆಪಟ್ಟಿಯನ್ನು ಎಷ್ಟು ನಂಬಬೇಕು?

ಹಣೆಪಟ್ಟಿಯನ್ನಲ್ಲ, ಲೆಕ್ಕವನ್ನು ಕೇಳಿ. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸುಮಾರು ಶೇಕಡಾ 8 ಸಿಮೆಂಟಿನದು, ಆದ್ದರಿಂದ ಅದಕ್ಕೆ ಬದಲಿ ಹುಡುಕುವುದು ನ್ಯಾಯ. ಹಲಗೆಗಳನ್ನು ಅಡ್ಡಡ್ಡ ಜೋಡಿಸಿ ಅಂಟಿಸಿದ ಫಲಕಗಳೂ ಅಂಟಿಸಿದ ಮರದ ತೊಲೆಗಳೂ ಸೇರಿ ಈಗ ಗೋಪುರಗಳೇ ಎದ್ದಿವೆ: ನಾರ್ವೆಯ ಮ್ಯೋಸ್ಟೋರ್ನೆಟ್ 2019ರಲ್ಲಿ 85.4 ಮೀಟರ್, ಅಮೆರಿಕದ ಮಿಲ್ವಾಕಿಯ ಅಸೆಂಟ್ 2022ರಲ್ಲಿ 86.6 ಮೀಟರ್. ಎರಡರಲ್ಲೂ ಕಾಂಕ್ರೀಟ್ ಇಲ್ಲದಿಲ್ಲ ಎಂಬುದನ್ನು ಸುದ್ದಿಗಳು ಸಣ್ಣ ಅಕ್ಷರದಲ್ಲಿ ಹೇಳುತ್ತವೆ. ಮರ ಎಲ್ಲಿಂದ ಬಂತು, ಕಡಿದ ಜಾಗದಲ್ಲಿ ಮತ್ತೆ ಬೆಳೆಸಿದರೇ, ಎಷ್ಟು ದೂರ ಸಾಗಿಸಿದರು ಎಂಬುದರ ಮೇಲೆ ಲೆಕ್ಕ ಏರಿಳಿಯುತ್ತದೆ.

ನಾನು ಕೇಳುವ ಇನ್ನೊಂದು ಪ್ರಶ್ನೆ ಬಿಚ್ಚುವುದರ ಬಗ್ಗೆ. ಕೃಷಿ ತ್ಯಾಜ್ಯ, ಮರುಬಳಕೆಯ ಪ್ಲಾಸ್ಟಿಕ್, ಕಾಫಿ ಚರಟ ಯಾವುದರಿಂದ ಮಾಡಿದ ಫಲಕವೇ ಆಗಲಿ, ಎಪಾಕ್ಸಿ ರಾಳದಲ್ಲಿ ಮುಳುಗಿಸಿ ಗಟ್ಟಿ ಮಾಡಿದ್ದರೆ ಅದು ಮುಂದೆ ಗೊಬ್ಬರವೂ ಆಗದು, ಪ್ಲಾಸ್ಟಿಕ್ಕಾಗಿಯೂ ಕರಗದು. ಸ್ಕ್ರೂ ಹಾಕಿ ಕೂರಿಸಿದ ಸಾದಾ ಹಲಗೆಯನ್ನು ಮುಂದೊಂದು ದಿನ ಬಿಚ್ಚಿ ಬೇರೆ ಕಡೆ ಹಾಕಬಹುದು. ಅಂಟಿಸಿದ್ದನ್ನು ಒಡೆಯಬೇಕು. ಮಾರುವವರಿಗೆ ಈ ಪ್ರಶ್ನೆ ಹಾಕಿ: ಇದನ್ನು ಗೋಡೆಯಿಂದ ತೆಗೆಯುವುದು ಹೇಗೆ? ಉತ್ತರ ಕೊಡಲು ಅವರು ತಡಬಡಿಸಿದರೆ ಮಾದರಿ ತುಂಡನ್ನು ವಾಪಸು ಕೊಟ್ಟುಬಿಡಿ.